ಬೇರೆ ಬೇರೆ ಡೇಟಾಬೇಸ್‌ಗಳ ಟೇಬಲ್‌ಗಳನ್ನು ಹೋಲಿಸುವ ಬಗೆ: ಸಾಲುಗಳ ಎಣಿಕೆ ಸರಿಯಿದ್ದರೂ ಮೌಲ್ಯಗಳು ತಾಳೆಯಾಗುತ್ತಿಲ್ಲ

ಶಿರಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ಒಂದು ಅಡಿಕೆ ಮಾರಾಟ ಸಹಕಾರಿ ಸಂಘದ ಗಣಕ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ನಾಲ್ಕು ಕಡೆ ನಾಲ್ಕು ಬಗೆಯ ಡೇಟಾಬೇಸ್‌ಗಳಿವೆ. ಮುಖ್ಯ ಕಚೇರಿಯ ಸದಸ್ಯರ ಖಾತೆ ಮತ್ತು ಸಾಲದ ಲೆಕ್ಕ ಒರಾಕಲ್‌ನಲ್ಲಿದೆ, ಕಿರಾಣಿ ಮಳಿಗೆಯ ಲೆಕ್ಕ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದೆ, ಸದಸ್ಯರು ನೋಡುವ ಜಾಲತಾಣ ಮೈಎಸ್‌ಕ್ಯೂಎಲ್ ಮೇಲೆ ನಡೆಯುತ್ತದೆ, ಹಳ್ಳಿಗಳ ಖರೀದಿ ಕೇಂದ್ರಗಳ ಟ್ಯಾಬ್‌ಗಳಲ್ಲಿ ಎಸ್‌ಕ್ಯೂಎಲೈಟ್ ಇದೆ. ಇವೆಲ್ಲವನ್ನೂ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ತರುವ ಕೆಲಸ ಈಗ ನಡೆದಿದೆ.

ಹಳೆಯ ಟೇಬಲ್ ಮತ್ತು ಹೊಸ ಟೇಬಲ್ ಒಂದೇ ಎಂಬುದನ್ನು ತೋರಿಸಿಕೊಡಿ ಎಂದು ಲೆಕ್ಕಪರಿಶೋಧಕರು ಕೇಳಿದ್ದಾರೆ. ಸಾಲುಗಳ ಎಣಿಕೆ ಎಲ್ಲ ಕಡೆ ಸರಿಯಾಗಿದೆ. ಆದರೆ ಪ್ರತಿ ಸಾಲಿನ ಕಾಲಂಗಳನ್ನು ಜೋಡಿಸಿ, ಅದಕ್ಕೆ ಎಂಡಿ5 ಹ್ಯಾಷ್ (ಪಠ್ಯದಿಂದ ಲೆಕ್ಕಹಾಕಿ ತೆಗೆಯುವ ಚಿಕ್ಕ ಗುರುತು) ತೆಗೆದು ಎರಡೂ ಕಡೆಯದನ್ನು ಹೋಲಿಸಿದರೆ, ಒರಾಕಲ್‌ನಿಂದ ಬಂದ ಸದಸ್ಯರ ಟೇಬಲ್‌ನಲ್ಲಿ ಹೆಚ್ಚುಕಡಿಮೆ ಯಾವ ಸಾಲೂ ತಾಳೆಯಾಗುತ್ತಿಲ್ಲ. ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಯಾವ ಡೇಟಾ ಟೈಪ್ ಯಾವುದಕ್ಕೆ ಸಮ, ಹೋಲಿಕೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಕಾರವಾರ

ನಮಸ್ಕಾರ. ನಿಮ್ಮ ಡೇಟಾ ಕೆಟ್ಟಿರುವ ಸಾಧ್ಯತೆಗಿಂತ, ಒಂದೇ ಮೌಲ್ಯವನ್ನು ಎರಡು ಡೇಟಾಬೇಸ್‌ಗಳು ಎರಡು ರೀತಿಯಲ್ಲಿ ಬರೆದು ತೋರಿಸುತ್ತಿರುವ ಸಾಧ್ಯತೆಯೇ ಹೆಚ್ಚು. ಹ್ಯಾಷ್ ನೋಡುವುದು ಬರವಣಿಗೆಯನ್ನು, ಮೌಲ್ಯವನ್ನಲ್ಲ. ಆದ್ದರಿಂದ ಹೋಲಿಸುವ ಮುನ್ನ ಪ್ರತಿಯೊಂದು ಕಾಲಂ ಅನ್ನೂ ಎರಡೂ ಕಡೆ ಒಂದೇ ಬರವಣಿಗೆಯ ರೂಪಕ್ಕೆ ತರಬೇಕು, ಆ ರೂಪ ಯಾವುದೆಂಬುದನ್ನು ಮೊದಲೇ ಕಾಗದದ ಮೇಲೆ ಬರೆದು ಒಪ್ಪಿಕೊಳ್ಳಬೇಕು. ಟೈಪ್‌ಗಳ ಹೆಸರು ಹೊಂದಿಸಿ ತಯಾರಿಸಿದ ಪಟ್ಟಿಯನ್ನು ಮಾತ್ರ ನಂಬಿ ಕುಳಿತರೆ ಈ ಕೆಲಸ ಮುಗಿಯುವುದಿಲ್ಲ.

ಸಂಖ್ಯೆಯಿಂದಲೇ ಆರಂಭಿಸೋಣ. ಒರಾಕಲ್‌ನ ನಂಬರ್ ಟೈಪ್ 38 ಅಂಕಿಗಳವರೆಗೆ ನಿಖರವಾಗಿರುತ್ತದೆ, ಆದರೆ ಕೊನೆಯ ಸೊನ್ನೆಗಳನ್ನು ಇಟ್ಟುಕೊಳ್ಳುವುದಿಲ್ಲ. ಹನ್ನೆರಡೂವರೆ ರೂಪಾಯಿಯನ್ನು ಅದು 12.5 ಎಂದು ಬರೆದರೆ, ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್(12,2) ಕಾಲಂ 12.50 ಎಂದು ಬರೆಯುತ್ತದೆ. ಅರ್ಧ ರೂಪಾಯಿಯನ್ನು ಒರಾಕಲ್‌ನ ಟು_ಚಾರ್ ರೂಪವಿನ್ಯಾಸ ಕೊಡದಿದ್ದರೆ .5 ಎಂದೇ ಕೊಡುತ್ತದೆ, ಬಿಂದುವಿನ ಹಿಂದಿನ ಸೊನ್ನೆ ಅಲ್ಲಿ ಇರುವುದಿಲ್ಲ. ಮೌಲ್ಯ ಒಂದೇ, ಹ್ಯಾಷ್ ಪೂರ್ತಿ ಬೇರೆ. ಎರಡೂ ಕಡೆ ಟು_ಚಾರ್ ಫಂಕ್ಷನ್‌ಗೆ ಎಫ್‌ಎಂ9999999990.00 ಎಂಬ ಒಂದೇ ವಿನ್ಯಾಸ ಕೊಟ್ಟರೆ ಹಣದ ಕಾಲಂಗಳ ಗೊಂದಲ ಅಲ್ಲಿಗೆ ಮುಗಿಯುತ್ತದೆ. ತೂಕಕ್ಕೆ ಮೂರು ದಶಮಾಂಶ ಇಡಿ, ಕಿಲೋ ಮತ್ತು ಗ್ರಾಂ ಎರಡೂ ಅದರಲ್ಲಿ ಬರುತ್ತವೆ.

ಎರಡನೆಯದು ಖಾಲಿ ಪಠ್ಯ. ಒರಾಕಲ್ ತನ್ನ ವಾರ್‌ಚಾರ್2 ಕಾಲಂನಲ್ಲಿ ಉದ್ದವಿಲ್ಲದ ಪಠ್ಯವನ್ನು ನಲ್ (ಮೌಲ್ಯವೇ ಇಲ್ಲ) ಎಂದೇ ಪರಿಗಣಿಸುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಮೂರೂ ಇವೆರಡನ್ನು ಬೇರೆ ಬೇರೆಯಾಗಿ ನೋಡುತ್ತವೆ. ನಿಮ್ಮ ಸದಸ್ಯರ ಟೇಬಲ್‌ನಲ್ಲಿ ಊರಿನ ಕೇರಿಯ ಹೆಸರೋ ಎರಡನೆಯ ಫೋನ್ ಸಂಖ್ಯೆಯೋ ತುಂಬದೇ ಬಿಟ್ಟ ಸಾಲುಗಳು ಬಹಳ ಇರುತ್ತವೆ. ಸಾಗಿಸುವಾಗ ಸಿಎಸ್‌ವಿ ಫೈಲ್ ಬಳಸಿದ್ದರೆ ಆ ನಲ್‌ಗಳು ಹೊಸ ಕಡೆ ಖಾಲಿ ಪಠ್ಯವಾಗಿ ಕುಳಿತಿರಬಹುದು.

ಇದರ ಜೊತೆಗೇ ಜೋಡಣೆಯ ವ್ಯತ್ಯಾಸವೂ ಇದೆ. ಎರಡು ಲಂಬಗೆರೆಗಳ ಚಿಹ್ನೆಯಿಂದ ಕಾಲಂಗಳನ್ನು ಜೋಡಿಸುವಾಗ ಒರಾಕಲ್ ನಲ್ ಅನ್ನು ಸುಮ್ಮನೆ ಬಿಟ್ಟು ಉಳಿದದ್ದನ್ನು ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಒಂದು ಕಾಲಂ ನಲ್ ಇದ್ದರೂ ಜೋಡಿಸಿದ ಇಡೀ ಸಾಲೇ ನಲ್ ಆಗುತ್ತದೆ. ಮೈಎಸ್‌ಕ್ಯೂಎಲ್‌ನ ಕಾನ್‌ಕ್ಯಾಟ್ ಕೂಡ ಹಾಗೆಯೇ ಮಾಡುತ್ತದೆ, ಎಸ್‌ಕ್ಯೂಎಲ್ ಸರ್ವರ್‌ನ ಕಾನ್‌ಕ್ಯಾಟ್ ಮಾತ್ರ ನಲ್ ಅನ್ನು ಖಾಲಿ ಪಠ್ಯವೆಂದು ತೆಗೆದುಕೊಳ್ಳುತ್ತದೆ. ನಿಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಸಾಲುಗಳೂ ತಪ್ಪುತ್ತಿರುವುದಕ್ಕೆ ಇದೇ ಮುಖ್ಯ ಕಾರಣವಿದ್ದೀತು ಎಂದು ನನಗೆ ಅನಿಸುತ್ತದೆ. ಪ್ರತಿ ಕಾಲಂ ಅನ್ನು ಕೋಲೆಸ್ ಫಂಕ್ಷನ್ ಮೂಲಕ ಹಾಯಿಸಿ, ನಲ್ ಇದ್ದಲ್ಲಿ ಡೇಟಾದಲ್ಲಿ ಎಂದೂ ಬರಲಾರದ ಒಂದು ಗುರುತನ್ನು ಇಡಿ. ಕಾಲಂಗಳ ನಡುವೆ ವಿಭಜಕವೂ ಬೇಕು, ಇಲ್ಲವಾದರೆ 12 ಮತ್ತು 3 ಇರುವ ಸಾಲಿಗೂ 1 ಮತ್ತು 23 ಇರುವ ಸಾಲಿಗೂ ಒಂದೇ ಹ್ಯಾಷ್ ಬರುತ್ತದೆ.

ಇನ್ನು ದಿನಾಂಕ. ಒರಾಕಲ್‌ನ ಡೇಟ್ ಟೈಪ್‌ನಲ್ಲಿ ದಿನಾಂಕದ ಜೊತೆಗೆ ಗಂಟೆ, ನಿಮಿಷ, ಸೆಕೆಂಡುಗಳೂ ಇರುತ್ತವೆ. ಪೋಸ್ಟ್‌ಗ್ರೆಸ್‌ನ ಡೇಟ್‌ನಲ್ಲಿ ಬರೀ ದಿನಾಂಕ ಇರುತ್ತದೆ. ಹೆಸರು ಒಂದೇ ಎಂದು ಡೇಟ್‌ಗೆ ಡೇಟ್ ಹೊಂದಿಸಿದ್ದರೆ ತೂಕದ ಚೀಟಿಯ ಸಮಯ ಯಾವ ಎಚ್ಚರಿಕೆಯೂ ಇಲ್ಲದೆ ಅಳಿಸಿಹೋಗಿರುತ್ತದೆ. ಇದು ಬರವಣಿಗೆಯ ವ್ಯತ್ಯಾಸವಲ್ಲ, ನಿಜವಾದ ನಷ್ಟ. ಆ ಕಾಲಂಗಳನ್ನು ಟೈಮ್‌ಸ್ಟಾಂಪ್(0) ಎಂದು ಮಾಡಿಕೊಂಡು ಮತ್ತೆ ತುಂಬಬೇಕು.

ಹ್ಯಾಷ್ ಲೆಕ್ಕವನ್ನು ಆಯಾ ಡೇಟಾಬೇಸ್ ಒಳಗೇ ಮಾಡುವುದಾದರೆ ಇನ್ನೂ ಒಂದು ಮಾತು. ಒರಾಕಲ್‌ನ ಸ್ಟ್ಯಾಂಡರ್ಡ್_ಹ್ಯಾಷ್ ದೊಡ್ಡಕ್ಷರದ ಹೆಕ್ಸ್ ಕೊಡುತ್ತದೆ, ಪೋಸ್ಟ್‌ಗ್ರೆಸ್‌ನ ಎಂಡಿ5 ಸಣ್ಣಕ್ಷರದಲ್ಲಿ ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎನ್‌ವಾರ್‌ಚಾರ್ ಪಠ್ಯದ ಮೇಲೆ ಹ್ಯಾಷ್‌ಬೈಟ್ಸ್ ಓಡಿಸಿದರೆ ಅದು ಯುಟಿಎಫ್-16 ಬೈಟ್‌ಗಳ ಹ್ಯಾಷ್ ಆಗುತ್ತದೆ, ಯುಟಿಎಫ್-8ರ ಹ್ಯಾಷ್ ಜೊತೆ ಅದು ಎಂದಿಗೂ ಕೂಡುವುದಿಲ್ಲ, ಏಕೆಂದರೆ ಇವೆರಡೂ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಬೇರೆ ಬೇರೆ ವಿಧಾನಗಳು. ಆದ್ದರಿಂದ ನಾನಾದರೆ ಸಾಲುಗಳನ್ನು ಒಪ್ಪಿತ ರೂಪದಲ್ಲಿ ಹೊರತೆಗೆದು, ಎರಡನ್ನೂ ಪೋಸ್ಟ್‌ಗ್ರೆಸ್‌ನ ಎರಡು ಪಠ್ಯ ಟೇಬಲ್‌ಗಳಿಗೆ ತುಂಬಿ, ಅಲ್ಲಿಯೇ ಎಕ್ಸೆಪ್ಟ್ (ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಸಾಲುಗಳನ್ನು ಕೊಡುವ ಆದೇಶ) ಮೂಲಕ ಎರಡೂ ದಿಕ್ಕಿನಲ್ಲಿ ಹೋಲಿಸುತ್ತೇನೆ. ಯಾವ ಸಾಲು ತಪ್ಪಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹ್ಯಾಷ್ ಮಾತ್ರ ಕೈಯಲ್ಲಿದ್ದರೆ ತಪ್ಪಿದೆ ಎನ್ನುವುದು ತಿಳಿಯುತ್ತದೆಯೇ ಹೊರತು ಏಕೆಂದು ತಿಳಿಯುವುದಿಲ್ಲ.

ಕುಮಟಾ

ಕಾರವಾರದವರು ಹೇಳಿದ್ದಕ್ಕೆ ಕನ್ನಡ ಪಠ್ಯದ ಕುರಿತು ಸೇರಿಸಬೇಕಾದದ್ದಿದೆ. ನಮ್ಮ ಜಿಲ್ಲೆಯ ಊರುಗಳ ಹೆಸರನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ, ಎಂದರೆ ವ್ಯಂಜನ, ಸ್ವರಚಿಹ್ನೆ, ವಿರಾಮ (ಒತ್ತಕ್ಷರ ಜೋಡಿಸುವ ಹಲಂತ ಚಿಹ್ನೆ) ಎಲ್ಲಕ್ಕೂ, ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ‘ಶಿರಸಿ’ ಎಂಬುದು ಓದುವವರಿಗೆ ಮೂರು ಅಕ್ಷರ, ಡೇಟಾಬೇಸ್‌ಗೆ ಐದು ಕ್ಯಾರೆಕ್ಟರ್, ಡಿಸ್ಕ್ ಮೇಲೆ 15 ಬೈಟ್. ‘ಕಾರವಾರ’ 18 ಬೈಟ್. ‘ಹೊನ್ನಾವರ’ ಮತ್ತು ‘ಯಲ್ಲಾಪುರ’ ತಲಾ 24, ‘ಸಿದ್ದಾಪುರ’ 27.

ಒರಾಕಲ್‌ನಲ್ಲಿ ವಾರ್‌ಚಾರ್2(20) ಎಂದು ಬರೆದರೆ, ಬೇರೇನೂ ಹೇಳದಿದ್ದಲ್ಲಿ, ಅದು 20 ಬೈಟ್. ಆ ಕಾಲಂನಲ್ಲಿ ಶಿರಸಿ, ಕುಮಟಾ, ಕಾರವಾರಗಳು ಸೇರುತ್ತವೆ. ಹೊನ್ನಾವರ, ಯಲ್ಲಾಪುರ, ಸಿದ್ದಾಪುರಗಳು ಒಆರ್‌ಎ-12899 ಎಂಬ ದೋಷ ಕೊಟ್ಟು ನಿಲ್ಲುತ್ತವೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ನ ವಾರ್‌ಚಾರ್(20) ಎಂದರೆ 20 ಕ್ಯಾರೆಕ್ಟರ್, ಅಲ್ಲಿ ಎಲ್ಲವೂ ಹಿಡಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್‌ನ ಎನ್‌ವಾರ್‌ಚಾರ್(20) ಎರಡೆರಡು ಬೈಟ್‌ಗಳ 20 ಜೋಡಿಗಳನ್ನು ಹಿಡಿಯುತ್ತದೆ, ಕನ್ನಡಕ್ಕೆ ಚಿಹ್ನೆಗೊಂದು ಜೋಡಿ ಸಾಕು. ಹಳೆಯ ಕಾಲಂ ಚಿಕ್ಕದಾಗಿದ್ದ ಕಾರಣ ಗುಮಾಸ್ತರು ಹೆಸರುಗಳನ್ನು ಮೊಟಕು ಮಾಡಿಯೋ ಇಂಗ್ಲಿಷಿನಲ್ಲಿಯೋ ಬರೆದಿರುವ ಸಾಧ್ಯತೆ ಇದ್ದೇ ಇದೆ, ಅದನ್ನು ಹೋಲಿಕೆಯ ದೋಷವೆಂದು ಎಣಿಸಬೇಡಿ.

ಎಸ್‌ಕ್ಯೂಎಲ್ ಸರ್ವರ್‌ನ ಬರೀ ವಾರ್‌ಚಾರ್ ಕಾಲಂ ಕುರಿತು ಎಚ್ಚರವಿರಲಿ. ಅದು ಬಳಸುವ ವಿಂಡೋಸ್ ಕೋಡ್ ಪೇಜ್‌ಗಳಲ್ಲಿ (ಅಕ್ಷರಗಳಿಗೆ ಬೈಟ್ ಹೊಂದಿಸುವ ಪಟ್ಟಿಗಳಲ್ಲಿ) ಕನ್ನಡದ್ದು ಇಲ್ಲ. ಆದ್ದರಿಂದ ಅಂಥ ಕಾಲಂಗೆ ಕನ್ನಡ ಬರೆದರೆ ಉಳಿಯುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. 2019ರ ಆವೃತ್ತಿಯಿಂದ ಯುಟಿಎಫ್-8 ಕೊಲೇಶನ್ (ಪಠ್ಯವನ್ನು ಇಡುವ, ಹೋಲಿಸುವ ನಿಯಮ) ಬಂದಿದೆ, ಅದನ್ನು ಬಳಸಿದ್ದರೆ ಸರಿ. ಒಮ್ಮೆ ಪ್ರಶ್ನಾರ್ಥಕವಾಗಿ ಉಳಿದದ್ದನ್ನು ಯಾವ ಪರಿವರ್ತಕವೂ ಮರಳಿ ಕನ್ನಡ ಮಾಡಿಕೊಡಲಾರದು, ಮೂಲ ಕಾಗದವನ್ನೇ ನೋಡಬೇಕು.

ಕಣ್ಣಿಗೆ ಒಂದೇ ಆಗಿ ಕಂಡು ಒಳಗೆ ಬೇರೆಯಾಗಿರುವ ಇನ್ನೊಂದು ಬಗೆಯೂ ಇದೆ. ‘ಹೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳೆಂಬ ಎರಡು ಕೋಡ್‌ಗಳಾಗಿಯೂ ಬರೆಯಬಹುದು. ಬೇರೆ ಬೇರೆ ಕೀಲಿಮಣೆ ತಂತ್ರಾಂಶಗಳಿಂದ ಮತ್ತು ಪರಿವರ್ತಕಗಳಿಂದ ಬಂದ ಪಠ್ಯದಲ್ಲಿ ಎರಡೂ ರೂಪಗಳು ಬೆರೆತಿರಬಹುದು. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಜ್ ಎಂಬ ಫಂಕ್ಷನ್ ಇದೆ. ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಕೋಡ್‌ಗಳನ್ನು ಒಂದಾಗಿ ಕೂಡಿಸುವ ರೂಪಕ್ಕೆ) ತಂದು ಅನಂತರವೇ ಹೋಲಿಸಿ. ಹಳೆಯ ನುಡಿ ಫಾಂಟ್‌ನ ಯೂನಿಕೋಡ್ ಅಲ್ಲದ ಪಠ್ಯ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಮೊದಲು ಯೂನಿಕೋಡ್‌ಗೆ ತಿರುಗಿಸಬೇಕು. ಡೇಟಾಬೇಸ್‌ಗೆ ಅದು ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ಮಾತ್ರ ಕಾಣುತ್ತದೆ.

ಶಿರಸಿ (ಚರ್ಚೆ ಆರಂಭಿಸಿದವರು)

ಇಬ್ಬರಿಗೂ ಕೃತಜ್ಞತೆಗಳು. ನಲ್ ಮತ್ತು ಸಂಖ್ಯೆಯ ವಿನ್ಯಾಸ ಸರಿಪಡಿಸಿದ ಮೇಲೆ ಸದಸ್ಯರ ಟೇಬಲ್‌ನ ಬಹುಪಾಲು ಸಾಲುಗಳು ತಾಳೆಯಾದವು. ಉಳಿದವುಗಳಲ್ಲಿ ಹೆಚ್ಚಿನವು ಎನ್‌ಎಫ್‌ಸಿ ಮಾಡಿದ ಮೇಲೆ ಸರಿಹೋದವು.

ಈಗ ಎರಡು ಪ್ರಶ್ನೆಗಳು ಉಳಿದಿವೆ. ಮಳಿಗೆಯ ಲೆಕ್ಕದಲ್ಲಿ ಕೆಲವು ದಿನಾಂತ್ಯದ ನಮೂದುಗಳು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮಾರ್ಚ್ 31ರಂದು ಇದ್ದು, ಹೊಸ ಟೇಬಲ್‌ನಲ್ಲಿ ಏಪ್ರಿಲ್ 1 ಎಂದು ತೋರುತ್ತಿವೆ. ಆರ್ಥಿಕ ವರ್ಷವೇ ಬದಲಾಗುವುದರಿಂದ ಇದು ಗಂಭೀರ ವಿಷಯ. ಎರಡನೆಯದು, ಖರೀದಿ ಕೇಂದ್ರದ ಟ್ಯಾಬ್‌ಗಳಿಂದ ಬಂದ ಸದಸ್ಯ ಸಂಖ್ಯೆಗಳಲ್ಲಿ ಮುಂದಿನ ಸೊನ್ನೆಗಳು ಕಾಣೆಯಾಗಿವೆ.

ಕಾರವಾರ

ಮೊದಲನೆಯದರ ಕಾರಣ ಸ್ಪಷ್ಟವಿದೆ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಟೈಪ್ ಸೆಕೆಂಡಿನ ಭಾಗವನ್ನು .000, .003, .007 ಎಂಬ ಮೆಟ್ಟಿಲುಗಳಲ್ಲಿ ಮಾತ್ರ ಇಡುತ್ತದೆ. ಹೀಗಾಗಿ ದಿನದ ಕೊನೆಯ ಕ್ಷಣವೆಂದು 23:59:59.997 ಅನ್ನು ಬರೆಯುವ ರೂಢಿ ಹಳೆಯ ಪ್ರೋಗ್ರಾಮ್‌ಗಳಲ್ಲಿ ವ್ಯಾಪಕವಾಗಿತ್ತು. ನಿಮ್ಮ ಹೊಸ ಕಾಲಂ ಟೈಮ್‌ಸ್ಟಾಂಪ್(0) ಆಗಿದ್ದರೆ ಪೋಸ್ಟ್‌ಗ್ರೆಸ್ ಆ ಭಾಗವನ್ನು ಕತ್ತರಿಸುವುದಿಲ್ಲ, ಹತ್ತಿರದ ಸೆಕೆಂಡಿಗೆ ಏರಿಸುತ್ತದೆ. ಮಾರ್ಚ್ 31ರ 23:59:59.997 ಏಪ್ರಿಲ್ 1ರ 00:00:00 ಆಗುವುದು ಹೀಗೆ. ಮೈಎಸ್‌ಕ್ಯೂಎಲ್‌ನ ಡೇಟ್‌ಟೈಮ್ ಕೂಡ ಏನೂ ಹೇಳದಿದ್ದರೆ ಸೊನ್ನೆ ದಶಮಾಂಶದ್ದೇ, ಅಲ್ಲಿಯೂ ಇದೇ ಫಲಿತಾಂಶ ಬರುತ್ತದೆ.

ಟೈಮ್‌ಸ್ಟಾಂಪ್(0) ಎಂದು ನಾನು ಮೇಲೆ ಸೂಚಿಸಿದ್ದು ಒರಾಕಲ್‌ನ ಡೇಟ್‌ಗೆ ಮಾತ್ರ, ಏಕೆಂದರೆ ಅಲ್ಲಿ ಸೆಕೆಂಡಿನ ಭಾಗವೇ ಇರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಿಂದ ಬರುವ ಕಾಲಂಗಳಿಗೆ ಪೋಸ್ಟ್‌ಗ್ರೆಸ್‌ನ ಪೂರ್ತಿ ಟೈಮ್‌ಸ್ಟಾಂಪ್ ಇಡಿ, ಅದು ಮೈಕ್ರೋಸೆಕೆಂಡಿನವರೆಗೆ ಹಿಡಿಯುತ್ತದೆ. ಅಲ್ಲಿಯ ಡೇಟ್‌ಟೈಮ್2 ಟೈಪ್ 100 ನ್ಯಾನೋಸೆಕೆಂಡಿನಷ್ಟು ಸೂಕ್ಷ್ಮವಾದದ್ದು, ಆ ಕಾಲಂಗಳಿದ್ದರೆ ಏಳನೆಯ ದಶಮಾಂಶ ಹೋಗುತ್ತದೆ ಎಂಬುದನ್ನು ಒಪ್ಪಂದದ ಕಾಗದದಲ್ಲಿ ಬರೆದುಕೊಳ್ಳಿ. ಟೈಮ್‌ಸ್ಟಾಂಪ್ ಎಂಬ ಹೆಸರಿನ ಕಾಲಂ ಆ ಡೇಟಾಬೇಸ್‌ನಲ್ಲಿ ಕಂಡರೆ ಅದನ್ನು ಸಮಯವೆಂದು ತಿಳಿಯಬೇಡಿ. ಅದು ಸಾಲು ಬದಲಾದಾಗಲೆಲ್ಲ ಏರುವ ಒಂದು ಆವೃತ್ತಿ ಸಂಖ್ಯೆ, ಹೋಲಿಕೆಯಿಂದ ಹೊರಗಿಡಬೇಕಾದದ್ದು.

ಹೊನ್ನಾವರ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ, ಟ್ಯಾಬ್‌ಗಳಿಗೆ ತಂತ್ರಾಂಶ ಬರೆಯುವುದು ನನ್ನ ದಿನನಿತ್ಯದ ಕೆಲಸ. ಆ ಕಾಲಂ ಅನ್ನು ಟೇಬಲ್ ರಚಿಸುವಾಗ ಸ್ಟ್ರಿಂಗ್ ಎಂದು ಘೋಷಿಸಿದ್ದಾರೆಯೇ ನೋಡಿ. ಎಸ್‌ಕ್ಯೂಎಲೈಟ್ ಕಾಲಂನ ಟೈಪ್ ಹೆಸರಿನಲ್ಲಿ ಕೆಲವು ಅಕ್ಷರಗುಂಪುಗಳನ್ನು ಹುಡುಕಿ ಅದರ ಒಲವನ್ನು ನಿರ್ಧರಿಸುತ್ತದೆ. ಇಂಟ್ ಇದ್ದರೆ ಪೂರ್ಣಾಂಕ. ಚಾರ್, ಕ್ಲಾಬ್ ಅಥವಾ ಟೆಕ್ಸ್ಟ್ ಇದ್ದರೆ ಪಠ್ಯ. ಸ್ಟ್ರಿಂಗ್ ಎಂಬ ಹೆಸರು ಇವಾವುದಕ್ಕೂ ಸೇರದೆ ಕೊನೆಗೆ ಸಂಖ್ಯೆಯ ಒಲವಿಗೆ ಹೋಗುತ್ತದೆ. ಆದ್ದರಿಂದ ‘0047’ ಎಂದು ಬರೆದದ್ದು 47 ಆಗಿ ಉಳಿಯುತ್ತದೆ, ಶಿರಸಿಯ ದೂರವಾಣಿ ಸಂಕೇತ 08384 ಕೂಡ 8384 ಆಗುತ್ತದೆ. ಸದಸ್ಯ ಸಂಖ್ಯೆಗೆ ನಿಗದಿತ ಉದ್ದವಿದ್ದರೆ ಎಲ್‌ಪ್ಯಾಡ್‌ನಿಂದ ಸೊನ್ನೆ ತುಂಬಿ ಸರಿಪಡಿಸಬಹುದು. ನಿಗದಿತ ಉದ್ದವಿಲ್ಲದಿದ್ದರೆ ಮುಖ್ಯ ಕಚೇರಿಯ ಪಟ್ಟಿಯ ಜೊತೆ ಹೆಸರು, ಊರು ಸೇರಿಸಿ ಹೊಂದಿಸಬೇಕು.

ಎಸ್‌ಕ್ಯೂಎಲೈಟ್‌ನಲ್ಲಿ ಟೈಪ್ ಕಾಲಂಗಲ್ಲ, ಪ್ರತಿ ಮೌಲ್ಯಕ್ಕೆ ಸೇರಿದ್ದು. ತೂಕದ ಕಾಲಂನಲ್ಲಿ 63.4 ಎಂಬ ಸಂಖ್ಯೆಯೂ ‘63.4 ಕೆಜಿ’ ಎಂಬ ಪಠ್ಯವೂ ಒಟ್ಟಿಗೆ ಇರಬಲ್ಲವು, ವಾರ್‌ಚಾರ್(10) ಎಂದು ಘೋಷಿಸಿದಲ್ಲಿ ನೂರು ಅಕ್ಷರವೂ ಕೂರುತ್ತದೆ. ಪ್ರತಿ ಕಾಲಂಗೂ ಟೈಪ್‌ಆಫ್ ಫಂಕ್ಷನ್ ಹಾಕಿ ಗುಂಪು ಮಾಡಿ ಎಣಿಸಿ ನೋಡಿ. ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆಯ ಬಗೆಯ ಹೆಸರಿರುವ ಕಾಲಂನಲ್ಲಿ ಸಂಖ್ಯೆ ಕಂಡರೆ, ತೂಕದ ಕಾಲಂನಲ್ಲಿ ಪಠ್ಯ ಕಂಡರೆ, ಆ ಸಾಲುಗಳನ್ನು ಸಾಗಿಸುವ ಮೊದಲೇ ಪ್ರತ್ಯೇಕಿಸಬೇಕು. ಮುಂದಿನ ಆವೃತ್ತಿಯ ಟ್ಯಾಬ್ ತಂತ್ರಾಂಶದಲ್ಲಿ ಘೋಷಿಸಿದ ಟೈಪ್ ಅನ್ನು ಕಡ್ಡಾಯ ಮಾಡುವ ಸ್ಟ್ರಿಕ್ಟ್ ಟೇಬಲ್ ಬಳಸಿ, 2021ರಲ್ಲಿ ಬಂದ 3.37 ಆವೃತ್ತಿಯಿಂದ ಆ ಸೌಲಭ್ಯವಿದೆ.

ಸಿದ್ದಾಪುರ

ಚರ್ಚೆಯನ್ನು ಓದುತ್ತಿದ್ದೆ. ಸಾಲದ ಟೇಬಲ್‌ನಲ್ಲಿ ತೋಟದ ಕ್ಷೇತ್ರ ಎಂಬ ಕಾಲಂ ಇದ್ದೇ ಇರುತ್ತದೆ. ಅದನ್ನು ದಶಮಾಂಶ ಸಂಖ್ಯೆಯಾಗಿ ಇಟ್ಟಿದ್ದರೆ ದಯವಿಟ್ಟು ನಿಂತು ನೋಡಿ, ಏಕೆಂದರೆ ಎರಡೂ ಡೇಟಾಬೇಸ್‌ಗಳು ಪೂರ್ತಿ ತಾಳೆಯಾದರೂ ಲೆಕ್ಕ ತಪ್ಪಾಗಿರುವ ಜಾಗ ಇದು.

ಪಹಣಿಯಲ್ಲಿ ಕ್ಷೇತ್ರ ಇರುವುದು ಎಕರೆ, ಗುಂಟೆ, ಆಣೆಗಳಲ್ಲಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಗುಮಾಸ್ತರು ಒಂದು ಎಕರೆ ಮೂವತ್ತು ಗುಂಟೆಯನ್ನು 1.30 ಎಂದು ನಮೂದಿಸುತ್ತಾರೆ. ಒಬ್ಬ ಸದಸ್ಯರಿಗೆ 1.30, 0.35, 2.20 ಎಂಬ ಮೂರು ತುಂಡುಗಳಿದ್ದರೆ ಸಮ್ ಫಂಕ್ಷನ್ 3.85 ಎನ್ನುತ್ತದೆ. ನಿಜವಾದ ಮೊತ್ತ 70, 35 ಮತ್ತು 100 ಗುಂಟೆ ಸೇರಿ 205 ಗುಂಟೆ, ಅಂದರೆ ಐದು ಎಕರೆ ಐದು ಗುಂಟೆ. ಇದರ ಮೇಲೆ ಕಾರವಾರದವರು ಹೇಳಿದ ಕೊನೆಯ ಸೊನ್ನೆಯ ಸಮಸ್ಯೆಯೂ ಸೇರಿಕೊಳ್ಳುತ್ತದೆ: 1.20 ಎಂಬುದನ್ನು ಒರಾಕಲ್ 1.2 ಎಂದು ತೋರಿಸಿದಾಗ ಅದು ಇಪ್ಪತ್ತು ಗುಂಟೆಯೋ ಎರಡು ಗುಂಟೆಯೋ ಎಂದು ಓದುವವರಿಗೆ ತಿಳಿಯುವುದಿಲ್ಲ.

ಬಿಂದುವಿನ ನಂತರದ ಭಾಗ .40 ಅಥವಾ ಅದಕ್ಕಿಂತ ಹೆಚ್ಚಿರುವ ಸಾಲುಗಳನ್ನು ಹುಡುಕಿ. ಅಂಥವು ಸಿಕ್ಕರೆ ಕೆಲವರು ಗುಂಟೆಯನ್ನೂ ಕೆಲವರು ನಿಜವಾದ ದಶಮಾಂಶ ಎಕರೆಯನ್ನೂ ಒಂದೇ ಕಾಲಂನಲ್ಲಿ ತುಂಬಿದ್ದಾರೆ ಎಂದರ್ಥ. ಹೊಸ ಟೇಬಲ್‌ನಲ್ಲಿ ಕ್ಷೇತ್ರವನ್ನು ಆಣೆಗಳ ಪೂರ್ಣಾಂಕವಾಗಿ ಇಟ್ಟು, ತೋರಿಸುವಾಗ ಮಾತ್ರ ಎಕರೆ ಗುಂಟೆಗೆ ಒಡೆಯುವುದು ಒಳ್ಳೆಯದು. ಒಡೆಯುವ ಲೆಕ್ಕದಲ್ಲಿ ಎರಡು ಪೂರ್ಣಾಂಕಗಳ ಭಾಗಾಕಾರ ಬರುತ್ತದೆ, ಪೋಸ್ಟ್‌ಗ್ರೆಸ್ ಅಲ್ಲಿ ಶೇಷವನ್ನು ಬಿಟ್ಟು ಪೂರ್ಣಾಂಕವನ್ನೇ ಕೊಡುತ್ತದೆ. ಅದೇ ಸೂತ್ರವನ್ನು ಮೈಎಸ್‌ಕ್ಯೂಎಲ್ ಅಥವಾ ಒರಾಕಲ್‌ನಲ್ಲಿ ಬರೆದರೆ ದಶಮಾಂಶ ಬರುತ್ತದೆ. ಸರ್ವೆ ನಂಬರ್ ಮತ್ತು ಹಿಸ್ಸಾ ಪಠ್ಯವಾಗಿಯೇ ಇರಲಿ. 12/3 ಎಂಬ ಹಿಸ್ಸಾ ಸಂಖ್ಯೆ ನಡುವೆ ಒಮ್ಮೆ ಎಕ್ಸೆಲ್‌ನಲ್ಲಿ ತೆರೆದುಕೊಂಡರೆ ದಿನಾಂಕವಾಗಿ ಬದಲಾಗುತ್ತದೆ.

ಶಿರಸಿ (ಚರ್ಚೆ ಆರಂಭಿಸಿದವರು)

ಸಿದ್ದಾಪುರದವರು ಹೇಳಿದ್ದನ್ನು ಕೂಡಲೇ ಪರೀಕ್ಷಿಸಿದೆ. .40 ದಾಟಿದ ಸಾಲುಗಳು ನಮ್ಮಲ್ಲಿಯೂ ಇವೆ. ಅವುಗಳನ್ನು ಪಹಣಿ ನೋಡಿಯೇ ತಿದ್ದಬೇಕೆಂದು ಕಾರ್ಯದರ್ಶಿಯವರಿಗೆ ಬರೆದು ಕೊಟ್ಟಿದ್ದೇನೆ. ಇದು ಡೇಟಾ ಸಾಗಣೆಯ ದೋಷವಲ್ಲವಾದ್ದರಿಂದ ಲೆಕ್ಕಪರಿಶೋಧಕರಿಗೆ ಪ್ರತ್ಯೇಕ ಪಟ್ಟಿಯಾಗಿ ಕೊಡುವುದೆಂದು ತೀರ್ಮಾನವಾಗಿದೆ. ಸದಸ್ಯ ಸಂಖ್ಯೆಯ ಕಾಲಂ ಹೊನ್ನಾವರದವರು ಊಹಿಸಿದಂತೆ ಸ್ಟ್ರಿಂಗ್ ಎಂದೇ ಇತ್ತು. ಈಗ ಜಾಲತಾಣದ ಮೈಎಸ್‌ಕ್ಯೂಎಲ್ ಮಾತ್ರ ಉಳಿದಿದೆ. ಅದರಲ್ಲಿ ವಿಶೇಷವಾಗಿ ಏನನ್ನು ನೋಡಬೇಕು?

ಅಂಕೋಲಾ

ಮೂರು ವಿಷಯಗಳನ್ನು ನೋಡಿ. ಅಲ್ಲಿಯ ಬೂಲಿಯನ್ (ಹೌದು ಅಥವಾ ಅಲ್ಲ ಎಂಬ ಟೈಪ್) ಎಂದರೆ ಟೈನಿಇಂಟ್(1), ಅದರಲ್ಲಿ 0 ಮತ್ತು 1 ಮಾತ್ರವಲ್ಲದೆ 2, 3 ಕೂಡ ಇರಬಲ್ಲವು. ಪೋಸ್ಟ್‌ಗ್ರೆಸ್‌ನ ಬೂಲಿಯನ್‌ಗೆ ತರುವ ಮುನ್ನ ಯಾವ ಯಾವ ಮೌಲ್ಯಗಳಿವೆ ಎಂದು ಎಣಿಸಿ. ಸಮಯದ ಕಾಲಂ ಟೈಮ್‌ಸ್ಟಾಂಪ್ ಆಗಿದ್ದರೆ ಅದು ಒಳಗೆ ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯದಲ್ಲಿ) ಇರುತ್ತದೆ, ಓದುವ ಸೆಷನ್‌ನ ಸಮಯ ವಲಯಕ್ಕೆ ತಕ್ಕಂತೆ ತೋರುತ್ತದೆ. ಹೊರತೆಗೆಯುವ ಸೆಷನ್ ಯುಟಿಸಿಯಲ್ಲಿದ್ದರೆ ನಮ್ಮ ಮಧ್ಯರಾತ್ರಿಯ ನಮೂದು ಹಿಂದಿನ ದಿನದ 18:30 ಆಗಿ ಬರುತ್ತದೆ. ಎರಡೂ ಕಡೆ ಸೆಷನ್ ವಲಯವನ್ನು ಒಂದೇ ಮಾಡಿಕೊಂಡು ಹೋಲಿಸಿ.

ಮೂರನೆಯದು 0000-00-00 ಎಂಬ ಶೂನ್ಯ ದಿನಾಂಕ. ಹಳೆಯ ಆವೃತ್ತಿಗಳು ಅದನ್ನು ಸ್ವೀಕರಿಸುತ್ತಿದ್ದವು, ಪೋಸ್ಟ್‌ಗ್ರೆಸ್ ಸ್ವೀಕರಿಸುವುದಿಲ್ಲ. ಅದನ್ನು ನಲ್ ಮಾಡುವುದೇ ದಾರಿ, ಆದರೆ ಕಾಲಂ ನಾಟ್ ನಲ್ ಎಂದು ಘೋಷಿತವಾಗಿದ್ದರೆ ಆ ನಿರ್ಬಂಧವನ್ನು ಮೊದಲು ಸಡಿಲಿಸಬೇಕಾಗುತ್ತದೆ. ನಿರ್ಬಂಧಗಳ ಮಾತು ಬಂದಾಗ ಇದನ್ನೂ ಹೇಳಬೇಕು: ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಮುಂಚಿನ ಆವೃತ್ತಿಗಳು ಚೆಕ್ ನಿರ್ಬಂಧವನ್ನು ಓದಿ ಸುಮ್ಮನಾಗುತ್ತಿದ್ದವು, ಜಾರಿ ಮಾಡುತ್ತಿರಲಿಲ್ಲ. ಟೇಬಲ್ ರಚನೆಯ ಹಳೆಯ ಸ್ಕ್ರಿಪ್ಟ್‌ನಲ್ಲಿ ಬಡ್ಡಿದರ ಸೊನ್ನೆಗಿಂತ ಹೆಚ್ಚಿರಬೇಕು ಎಂದು ಬರೆದಿದ್ದರೂ ಒಳಗಿನ ಡೇಟಾ ಅದನ್ನು ಪಾಲಿಸಿರಬೇಕೆಂದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಆ ನಿರ್ಬಂಧವನ್ನು ನಾಟ್ ವ್ಯಾಲಿಡ್ ಎಂದು ಸೇರಿಸಿ ಹೊಸ ಸಾಲುಗಳಿಗೆ ಜಾರಿ ಮಾಡಿ, ಹಳೆಯದರಲ್ಲಿ ತಪ್ಪಿದ ಸಾಲುಗಳನ್ನು ತಿದ್ದಿಯಾದ ಬಳಿಕ ವ್ಯಾಲಿಡೇಟ್ ಮಾಡಿಕೊಳ್ಳಿ.